ಹೆಣ್ಣುಮಕ್ಕಳ ಶಾಲೆಯ ಕಲಾ ತರಗತಿಗಳು: ಹಿಮ್ಮೇಳಕ್ಕೆ ಹತ್ತಕ್ಕೆ ಒಂಬತ್ತು, ನೃತ್ಯದ ನೆಲಕ್ಕೆ ಮೂರು

ಈ ಶಾಲೆಯ ಸಂಗೀತದ ಕೋಣೆಯಲ್ಲಿ ಒಂದು ಮರದ ಬೀರು ಇದೆ. ಒಳಗೆ ಮೂರು ಮದ್ದಲೆ, ಎರಡು ಚಂಡೆ, ಒಂದು ಮೃದಂಗ. ಕೆಳಗಿನ ಖಾನೆಯಲ್ಲಿ ಮಳೆಗಾಲ ಪೂರ್ತಿ ಹಗಲೂ ರಾತ್ರಿ ಉರಿಯುವ ಒಂದು ಝೀರೋ ಬಲ್ಬು. ಹಳೇ ಮಾದರಿಯದು, ಕೈಯಿಟ್ಟರೆ ಬೆಚ್ಚಗಾಗುವಂಥದ್ದು. ಹೆಸರಿಗೆ ಝೀರೋ ಆದರೂ ಅದು ಸುಮಾರು 15 ವ್ಯಾಟ್ ಎಳೆಯುತ್ತದೆ, ಆ ಬಿಸಿಯೇ ಇಲ್ಲಿ ಬೇಕಾದದ್ದು. ಎಲ್‌ಇಡಿ ಹಾಕಿದರೆ ಪ್ರಯೋಜನವಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಥಂಡಿಗೆ ಚರ್ಮ ನೀರು ಹೀರಿ ಸಡಿಲಾಗುತ್ತದೆ, ಬಾರು ಜಗ್ಗುತ್ತದೆ, ಮದ್ದಲೆಯ ನಾದ ಮಡಕೆ ಬಡಿದಂತಾಗುತ್ತದೆ. ಬಹಳ ಕಡೆ ಕಾರ್ಯಕ್ರಮದ ದಿನ ಬೆಂಕಿಗೆ ಹಿಡಿದು ಕಾಯಿಸುತ್ತಾರೆ. ಆಗ ಚರ್ಮದ ನಡುವೆ ಹಚ್ಚಿದ ಕಪ್ಪು ಲೇಪ, ಅಂದರೆ ಕರಣೆ, ಬಿರುಕು ಬಿಟ್ಟು ಚೂರುಚೂರಾಗಿ ಉದುರಲು ಶುರುವಾಗುತ್ತದೆ, ಮತ್ತೆ ಕರಣೆ ಹಾಕಿಸುವ ಖರ್ಚು ಬೇರೆ. ವಾದ್ಯವನ್ನು ಒಂದೇ ಹದದಲ್ಲಿ ಬೆಚ್ಚಗೆ ಇಟ್ಟರೆ ಈ ತಾಪತ್ರಯವಿಲ್ಲ. ಬೀರು ನೋಡಿದ ಕೂಡಲೇ ಇಲ್ಲಿ ವಾದ್ಯ ವಾರವಾರವೂ ಹೊರಗೆ ಬರುತ್ತದೆ ಎಂದು ತಿಳಿಯಿತು.

ಶಾಲೆ ಇರುವುದು ಶಿವಮೊಗ್ಗ ನಗರದೊಳಗೆ, ಎಂಟರಿಂದ ಹತ್ತನೇ ತರಗತಿವರೆಗೆ ಹೆಣ್ಣುಮಕ್ಕಳಿಗೆ ಮಾತ್ರ. ಮಕ್ಕಳ ವಿಷಯವಾದ್ದರಿಂದ ಹೆಸರು ಹಾಕುತ್ತಿಲ್ಲ. ಶಾಲೆ ಹುಡುಕುತ್ತಿರುವ ಅಪ್ಪ ಅಮ್ಮಂದಿರಿಗೆ ಬೇಕಾಗುವುದು ಅಲ್ಲಿ ಏನು ಸರಿಯಿದೆ, ಏನು ಸರಿಯಿಲ್ಲ ಎಂಬುದು. ಅದೇ ಲೆಕ್ಕ ಹಿಡಿದು ಬೇರೆ ಶಾಲೆಯನ್ನೂ ನೋಡಬಹುದು.

ಯಕ್ಷಗಾನದಿಂದಲೇ ಶುರು ಮಾಡಬೇಕು, ಇಲ್ಲಿ ಅತ್ಯಂತ ಗಟ್ಟಿಯಾಗಿರುವುದು ಅದೇ. ಬಡಗುತಿಟ್ಟು, ಅಂದರೆ ಯಕ್ಷಗಾನದ ಉತ್ತರದ ಶೈಲಿ. ಹೆಣ್ಣುಮಕ್ಕಳಿಗೆ ಯಕ್ಷಗಾನ ಕಲಿಸುವ ಶಾಲೆಗಳು ಈಗ ಕಡಿಮೆಯಿಲ್ಲ, ಆದರೆ ಹೆಚ್ಚಿನ ಕಡೆ ಹುಡುಗಿಯರು ಕುಣಿಯುತ್ತಾರೆ, ಹಿಮ್ಮೇಳಕ್ಕೆ ಹೊರಗಿನಿಂದ ಗಂಡಸರು ಬರುತ್ತಾರೆ. ಇಲ್ಲಿ ಭಾಗವತಿಕೆ (ಪದ್ಯ ಹಾಡುವುದು), ಮದ್ದಲೆ, ಚಂಡೆ ಮೂರಕ್ಕೂ ಹುಡುಗಿಯರೇ ಕೂರುತ್ತಾರೆ. ಎಂಟನೇ ತರಗತಿಯಲ್ಲಿ ಮೊದಲ ಮೂರು ತಿಂಗಳು ಯಾರ ಕೈಗೂ ವಾದ್ಯವಿಲ್ಲ. ಬಾಯಿತಾಳ ಹೇಳುತ್ತಾ ತೊಡೆ ಮೇಲೆ ತಾಳ ಹಾಕುವುದಷ್ಟೇ. ಏಕ, ರೂಪಕ, ಝಂಪೆ, ತ್ರಿವುಡೆ, ಅಷ್ಟ ಹೀಗೆ ಒಂದೊಂದಾಗಿ, ನಿಧಾನ ಕಾಲದಲ್ಲಿ ಕೂತ ಮೇಲೆಯೇ ವೇಗ. ಝಂಪೆಯಲ್ಲಿ ಹತ್ತು ಅಕ್ಷರ, ತ್ರಿವುಡೆಯಲ್ಲಿ ಏಳು. ಮಕ್ಕಳು ಎಡವುವುದು ಯಾವಾಗಲೂ ತ್ರಿವುಡೆಯ ಏಳನ್ನು ಎಂಟು ಮಾಡಿಕೊಂಡು. ಗುರುಗಳು ಅದನ್ನು ಬಾಯಲ್ಲೇ ತಿದ್ದುತ್ತಾರೆ, ಚಂಡೆ ಬಡಿದು ಮುಚ್ಚಿಹಾಕುವುದಿಲ್ಲ.

ಶ್ರುತಿಯ ವಿಷಯಕ್ಕೆ ಇಷ್ಟು ಕಾಳಜಿ ಕೊಟ್ಟ ಶಾಲೆ ಅಪರೂಪ. ಹದಿಮೂರು ಹದಿನಾಲ್ಕರ ಹುಡುಗಿ ಭಾಗವತಿಕೆಗೆ ಕೂತರೆ ಐದು, ಐದೂವರೆಯ ಸುತ್ತ, ಅಂದರೆ ಗಂಡಸರದ್ದಕ್ಕಿಂತ ಎತ್ತರದ ಶ್ರುತಿ ಬೇಕು. ಗಂಡಸರ ಶ್ರುತಿಗೆ ಕಟ್ಟಿದ ಮದ್ದಲೆಯ ಬಾರು ಎಳೆದು ಸ್ವಲ್ಪ ಏರಿಸಬಹುದು, ತೀರಾ ಎಳೆದರೆ ಬಾಯಿಗೆ ಹೊದಿಸಿದ ಚರ್ಮದ ಮುಚ್ಚಿಗೆ ಹರಿಯುತ್ತದೆ. ಹಾಗಾಗಿ ಬಹಳ ಕಡೆ ವಾದ್ಯ ಬದಲಿಸುವ ಬದಲು ಹುಡುಗಿಯನ್ನೇ ಕೆಳಗಿನ ಶ್ರುತಿಗೆ ಎಳೆಯುತ್ತಾರೆ. ಅವಳ ಕೆಳಸ್ವರ ಗಂಟಲಲ್ಲೇ ಹೂತುಹೋಗುತ್ತದೆ, ಕೇಳಿಸಲಿ ಅಂತ ಒತ್ತಿ ಹಾಡುತ್ತಾಳೆ, ಅರ್ಧ ಗಂಟೆಯಲ್ಲಿ ಗಂಟಲು ಕಟ್ಟುತ್ತದೆ. ಆಮೇಲೆ "ಹೆಣ್ಣು ದನಿ ಭಾಗವತಿಕೆಗೆ ಹೊಂದಲ್ಲ" ಎನ್ನುತ್ತಾರೆ. ಹೊಂದದೇ ಇದ್ದದ್ದು ಮದ್ದಲೆ. ಇಲ್ಲಿನ ಮೂರರಲ್ಲಿ ಎರಡು ಮದ್ದಲೆ ಚಿಕ್ಕ ಬಾಯಿಯವು, ಏರುಶ್ರುತಿಗೆಂದೇ ಮಾಡಿಸಿದ್ದು. ಅಭ್ಯಾಸದ ದಿನ ಭಾಗವತಿಕೆಯ ಹುಡುಗಿ ತಾರಸ್ಥಾಯಿಯಲ್ಲಿ ಪದ್ಯ ಎತ್ತಿದಾಗ ಹಣೆಯಲ್ಲಿ ಒಂದು ಗೆರೆಯೂ ಮೂಡಲಿಲ್ಲ, ಕತ್ತಿನ ನರ ಉಬ್ಬಲಿಲ್ಲ. ಶ್ರುತಿ ಸರಿಯಿದೆ ಎಂಬುದಕ್ಕೆ ಇಷ್ಟು ಸಾಕು.

ವೇಷಭೂಷಣದಲ್ಲೂ ಇದೇ ಬುದ್ಧಿ. ಬಾಡಿಗೆಗೆ ಬರುವ ದಗಲೆಗಳು (ವೇಷದ ಮೇಲಂಗಿಗಳು) ಗಂಡಸರ ಎದೆ, ಹೆಗಲಿನ ಅಳತೆಯವು. ಹುಡುಗಿಗೆ ಹಾಕಿ ಹಿಂದೆ ಹತ್ತು ಪಿನ್ನು ಚುಚ್ಚಿದರೆ ಕೈ ಎತ್ತಿದಾಗ ಹೆಗಲೇ ಮೇಲೆ ಬರುತ್ತದೆ, ಪಿನ್ನು ಬಿಚ್ಚಿ ಚುಚ್ಚಿಕೊಳ್ಳುತ್ತದೆ. ಶಾಲೆ ತನ್ನದೇ ದಗಲೆಗಳನ್ನು ಮೂರು ಅಳತೆಯಲ್ಲಿ ಹೊಲಿಸಿದೆ, ಬದಿಯಲ್ಲಿ ಲಾಡಿ ಇದೆ, ಎಳೆದು ಕಟ್ಟಿದರಾಯಿತು. ಕೇದಗೆ ಮುಂದಲೆ ಎಂಬ ಮುಂಡಾಸು ಕಟ್ಟುವುದನ್ನು ಒಂಬತ್ತನೇ ತರಗತಿಯವರು ಒಬ್ಬರ ತಲೆಗೆ ಒಬ್ಬರು ಕಟ್ಟಿ ಕಲಿಯುತ್ತಾರೆ. ಬಿಗಿ ಹೆಚ್ಚಾದರೆ ಕಿವಿಯ ಮೇಲೆ ನೋವು ಬಂದು ಹುಡುಗಿ ಮಾತು ಮರೆಯುತ್ತಾಳೆ, ಸಡಿಲಾದರೆ ಮೊದಲ ಸುತ್ತಿಗೇ ವಾಲುತ್ತದೆ; ಹುಬ್ಬಿನ ಮೇಲೆ ಎರಡು ಬೆರಳು ಬಿಟ್ಟು ಮೊದಲ ಸುತ್ತು ಹಾಕುವುದು ಇವರ ಲೆಕ್ಕ. ಬಣ್ಣ ಹಚ್ಚುವ ಮೊದಲು ಮುಖಕ್ಕೆ ತೆಂಗಿನೆಣ್ಣೆ, ತೆಗೆಯುವಾಗಲೂ ಎಣ್ಣೆಯೇ, ಆಮೇಲೆ ಸೋಪು. ಮೊದಲೇ ಸೋಪು ಹಾಕಿ ಉಜ್ಜಿದರೆ ಈ ವಯಸ್ಸಿನ ಚರ್ಮಕ್ಕೆ ಉರಿ ಬರುತ್ತದೆ.

ವೇಷ ಕಟ್ಟುವ ಕೋಣೆಗೆ, ಅಂದರೆ ಚೌಕಿಗೆ, ಒಳಚಿಲಕ ಇರುವ ಬಾಗಿಲಿದೆ, ಪಕ್ಕದಲ್ಲೇ ನೀರು ಬರುವ ಶೌಚಾಲಯವಿದೆ. ಚಿಕ್ಕ ಸಂಗತಿ ಎನ್ನಿಸಬಹುದು, ಆದರೆ ಸೊಂಟಕ್ಕೆ ಬಿಗಿದು ಕಟ್ಟಿದ ಕಸೆ ಸೀರೆಯಲ್ಲಿ ಮೂರು ಗಂಟೆ ಇರುವ ಹುಡುಗಿಗೆ ಇದು ವೇಷದಷ್ಟೇ ಮುಖ್ಯ. ಮುಟ್ಟಾದ ದಿನ ಗೆಜ್ಜೆ ಮುಟ್ಟಬೇಡ, ಚಂಡೆ ಮುಟ್ಟಬೇಡ ಎಂದು ಯಾರನ್ನೂ ಹೊರಗೆ ಕೂರಿಸುವುದಿಲ್ಲ. ಇದಕ್ಕಾಗಿ ಈ ಶಾಲೆಯನ್ನು ಮನಸಾರೆ ಮೆಚ್ಚುತ್ತೇವೆ.

ಶಾಸ್ತ್ರೀಯ ಸಂಗೀತದ ತರಗತಿ ಇಷ್ಟು ಚೆನ್ನಾಗಿಲ್ಲ. ನಲವತ್ತು ಹುಡುಗಿಯರು ಒಟ್ಟಿಗೆ, ಒಂದೇ ಶ್ರುತಿಪೆಟ್ಟಿಗೆ. ಮಾಯಾಮಾಳವಗೌಳದಲ್ಲಿ ಸರಳೆ ವರಸೆ ಮೂರು ಕಾಲದಲ್ಲಿ ಸರಿಯಾಗಿಯೇ ನಡೆಯುತ್ತದೆ, ಆದರೆ ಅಷ್ಟು ದೊಡ್ಡ ಗುಂಪಿನಲ್ಲಿ ಯಾರ ರಿಷಭ ಎಲ್ಲಿ ನಿಂತಿದೆ ಎಂದು ತಿಳಿಯುವುದಿಲ್ಲ. ಹನ್ನೆರಡರಿಂದ ಹದಿನಾಲ್ಕರೊಳಗೆ ಹುಡುಗಿಯರ ದನಿಯೂ ಬದಲಾಗುತ್ತದೆ, ಹುಡುಗರಷ್ಟು ಒಡೆಯದಿದ್ದರೂ ಗಾಳಿ ಬೆರೆತಂತೆ ತೆಳ್ಳಗಾಗುತ್ತದೆ. ಆಗ "ಗಟ್ಟಿಯಾಗಿ ಹಾಡಿ" ಎಂದು ಗದರಿದರೆ ಗಂಟಲು ಒತ್ತುವ ಚಟ ಅಂಟಿಕೊಳ್ಳುತ್ತದೆ. ಹತ್ತು ಹತ್ತು ಮಂದಿಯ ಗುಂಪು ಮಾಡಿ ವಾರಕ್ಕೆ ಇಪ್ಪತ್ತೇ ನಿಮಿಷ ಕೊಟ್ಟರೂ ಈಗಿನದಕ್ಕಿಂತ ಮೇಲು.

ಹದಿನೈದು ದಿನಕ್ಕೊಮ್ಮೆ ನಡೆಯುವ ಗಮಕದ, ಅಂದರೆ ಕಾವ್ಯವನ್ನು ರಾಗವಾಗಿ ಓದುವ ತರಗತಿ ಮಾತ್ರ ಚಿನ್ನ. ಶಿವಮೊಗ್ಗದ ಪಕ್ಕದ ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು, ಅಲ್ಲಿನ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಇಂಥ ನೆಲದ ಮಕ್ಕಳು ಭಾಮಿನಿ ಷಟ್ಪದಿಯನ್ನು ಪಠ್ಯದಲ್ಲಿ ಬರೀ ಪ್ರಸ್ತಾರ ಹಾಕಿ ಬಿಟ್ಟುಬಿಡುವುದು ನಷ್ಟವೇ. ಇಲ್ಲಿ ಮೊದಲು ಚಪ್ಪಾಳೆಯಲ್ಲಿ ಮೂರು ನಾಲ್ಕು, ಮೂರು ನಾಲ್ಕು ಎಂದು ಹಾಕಿಸುತ್ತಾರೆ. ಮೂರನೆಯ ಮತ್ತು ಆರನೆಯ ಸಾಲಿಗೆ ಅದೇ ಜೋಡಿ ಮೂರು ಸಲ ಬಂದು ಕೊನೆಗೊಂದು ಗುರು. ಆ ಗುರುವಿನ ಮೇಲೆ ನಿಲ್ಲುವುದನ್ನು ಮಕ್ಕಳು ಉಸಿರಿನಿಂದಲೇ ಕಲಿಯುತ್ತಾರೆ. ಆಮೇಲೆ ಕನ್ನಡ ಮೇಷ್ಟ್ರು ಲಘು ಗುರು ಕೇಳಿದರೆ ತಡವರಿಸುವುದಿಲ್ಲ.

ನೃತ್ಯಕ್ಕೆ ಬಂದರೆ, ಕಲಿಸುವವರಲ್ಲಿ ದೋಷವಿಲ್ಲ, ನೆಲದಲ್ಲಿ ಇದೆ. ಭರತನಾಟ್ಯ, ಯಕ್ಷಗಾನದ ಹೆಜ್ಜೆ ಎರಡೂ ನಡೆಯುವುದು ಕಾಂಕ್ರೀಟಿನ ಮೇಲೆ ನೇರವಾಗಿ ಕೂರಿಸಿದ ಗ್ರಾನೈಟಿನ ಮೇಲೆ. ಭರತನಾಟ್ಯದ ಮೊದಲ ಹೆಜ್ಜೆಯಾದ ತಟ್ಟಡವಿನಲ್ಲಿ ಅರಮಂಡಿ (ಮೊಣಕಾಲು ಅರ್ಧ ಬಗ್ಗಿಸಿ) ಕೂತು ಪಾದ ಪೂರ್ತಿ ಬಡಿಯಬೇಕು. ಆ ಪೆಟ್ಟನ್ನು ನೆಲ ಹೀರದಿದ್ದರೆ ಮೊಣಕಾಲು, ಮುಂಗಾಲ ಮೂಳೆಯೇ ಹೀರಬೇಕು. ಬಡಗಿನ ಮಂಡಿ ಹಾಕುವುದಂತೂ, ಅಂದರೆ ಮೊಣಕಾಲೂರಿ ಸುತ್ತುವುದು, ಮಣ್ಣಿನ ರಂಗಸ್ಥಳದಲ್ಲಿ ಬೆಳೆದ ವಿದ್ಯೆ, ಗ್ರಾನೈಟಿನ ಮೇಲೆ ಮಕ್ಕಳಿಂದ ಹಾಕಿಸುವುದು ತಪ್ಪು. ಮೊಣಕಾಲಿಗೆ ಪ್ಯಾಡ್ ಕೊಟ್ಟಿದ್ದಾರೆ, ಸಾಲದು. ಮಳೆಗಾಲದಲ್ಲಿ ಆ ಕಲ್ಲು ಬೆವರುತ್ತದೆ, ಜಾರುತ್ತದೆ. ಪರಿಹಾರ ದುಬಾರಿಯಲ್ಲ: ಕೆಳಗೆ ದಪ್ಪ ರಬ್ಬರ್ ಹಾಸು, ಮೇಲೆ 19 ಎಂಎಂ ಪ್ಲೈವುಡ್ಡಿನ ಎರಡು ಪದರ, ಮೇಲಿನ ಪದರದ ಸಂದು ಕೆಳಗಿನದರ ಸಂದಿನ ಮೇಲೆ ಬಾರದಂತೆ ಅಡ್ಡಡ್ಡ ಕೂರಿಸಿ ಸ್ಕ್ರೂ ಹೊಡೆಯುವುದು. ವಾರ್ಷಿಕೋತ್ಸವದ ಪೆಂಡಾಲಿನ ಖರ್ಚಿನಲ್ಲಿ ಸ್ವಲ್ಪ ಉಳಿಸಿದರೂ ಆಗುವ ಕೆಲಸ. ಆಗುವವರೆಗೆ ನೆಲಕ್ಕೆ ಮೂರಕ್ಕಿಂತ ಹೆಚ್ಚು ಅಂಕ ಕೊಡಲಾಗದು.

ನಾಟಕದಲ್ಲಿ ಹೆಗ್ಗೋಡಿನ ನೆರಳು ಕಾಣುತ್ತದೆ, ಒಳ್ಳೆಯ ಅರ್ಥದಲ್ಲಿ. ಅಲ್ಲಿನ ರಂಗಸಂಸ್ಥೆ ನೀನಾಸಂ 1949ರಲ್ಲಿ ಹುಟ್ಟಿದ್ದು, 1985ರಿಂದ ಅದರ ನಾಟಕ ತಂಡ ‘ತಿರುಗಾಟ’ ಊರೂರು ಸುತ್ತಿದೆ. ಹಾಗಾಗಿ ಈ ಸೀಮೆಯಲ್ಲಿ ನಾಟಕ ನೋಡಿದ ಕಣ್ಣುಗಳಿಗೆ ಬರವಿಲ್ಲ. ಇಲ್ಲಿ ಮಾತು ಉರು ಹೊಡೆಸುವ ಮೊದಲು ಎರಡು ವಾರ ಓದು. ಬೆಳಕಿನ ಕೆಲಸವೂ ಹುಡುಗಿಯರದ್ದೇ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕಾಗದದ ಮೇಲೆ ಹಾಕಿದ ಲೆಕ್ಕ ಹೀಗಿತ್ತು: 1000 ವ್ಯಾಟಿನ ಒಂದು ಪಾರ್ ಲೈಟು 230 ವೋಲ್ಟಿಗೆ ಸುಮಾರು 4.3 ಆಂಪಿಯರ್ ಎಳೆಯುತ್ತದೆ. 16 ಆಂಪಿಯರಿನ ಒಂದು ಪಾಯಿಂಟಿಗೆ ಮೂರೇ ಸರಿ. ನಾಲ್ಕಾದರೆ ಪ್ಲಗ್ಗು ಕಾಯುತ್ತದೆ, ಐದಾದರೆ ನಾಟಕದ ನಡುವೆ ಎಂಸಿಬಿ ಬೀಳುತ್ತದೆ. ಭೌತಶಾಸ್ತ್ರದ ಪಾಠ ಇಲ್ಲಿ ಕೆಲಸಕ್ಕೆ ಬಂದಿದೆ.

ಇನ್ನು ಚಿತ್ರಕಲೆ. ಶಾಲೆಯ ಕಾಂಪೌಂಡಿನ ಮೇಲೆ "ಹಸೆ ಚಿತ್ತಾರ" ಎಂದು ಬರೆದು ಕೆಳಗೆ ವಾರ್ಲಿ ಬಿಡಿಸಿದ್ದಾರೆ. ಇದು ಬೇಸರ ತರಿಸಿತು. ವಾರ್ಲಿ ಮಹಾರಾಷ್ಟ್ರದ್ದು, ಬಿಳಿ ಬಣ್ಣವೊಂದರಲ್ಲೇ ಕುಣಿತ, ಬೇಸಾಯ, ಬೇಟೆಯ ದೃಶ್ಯ ಹೇಳುತ್ತದೆ. ಹಸೆ ಚಿತ್ತಾರ ನಮ್ಮ ಸಾಗರ, ಸೊರಬ ಕಡೆಯ ದೀವರ ಹೆಂಗಸರದ್ದು. ಮದುವೆಯ ಮನೆಯ ಕೆಮ್ಮಣ್ಣಿನ ಗೋಡೆಯ ಮೇಲೆ ಎಳೆ ಎಳೆಯಾಗಿ, ಲೆಕ್ಕ ತಪ್ಪದಂತೆ ಕಟ್ಟಿಕೊಂಡು ಹೋಗುವ ವಿದ್ಯೆ. ಎರಡನ್ನೂ ಒಂದೇ ಮಾಡುವುದು ಆ ಹೆಂಗಸರಿಗೆ ಮಾಡುವ ಅನ್ಯಾಯ.

ಆದರೆ ಒಳಗೆ ತರಗತಿಯಲ್ಲಿ ಕಲಿಸುತ್ತಿರುವುದು ನಿಜವಾದ ಚಿತ್ತಾರವೇ. ಅಕ್ಕಿ ರಾತ್ರಿ ನೆನೆಹಾಕಿ ಬೆಳಿಗ್ಗೆ ನುಣ್ಣಗೆ ಅರೆದು ತೆಳುಬಟ್ಟೆಯಲ್ಲಿ ಸೋಸಿದರೆ ಬಿಳಿ. ಅಕ್ಕಿಯನ್ನೇ ಕರ್ರಗೆ ಸೀಯುವಂತೆ ಹುರಿದು ಅರೆದರೆ ಕಪ್ಪು. ಗುರಿಗೆ ಬೀಜದಿಂದ ಹಳದಿ, ಕೆಮ್ಮಣ್ಣಿನಿಂದ ಕೆಂಪು. ಪುಂಡಿ ನಾರಿನ ತುದಿ ಜಜ್ಜಿ ಕುಂಚ. ಹುಡುಗಿಯರು ತಪ್ಪುವುದು ಹಿಟ್ಟಿನ ಹದದಲ್ಲಿ. ಹಸಿಯಿದ್ದಾಗ ಅಕ್ಕಿಹಿಟ್ಟಿನ ಗೆರೆ ಮಂಕಾಗಿ ಕಾಣುತ್ತದೆ, ಒಣಗಿದ ಮೇಲಷ್ಟೇ ಬೆಳ್ಳಗಾಗುವುದು. ಕಾಣಲಿಲ್ಲವೆಂದು ಅದರ ಮೇಲೇ ಮತ್ತೆ ಎಳೆದರೆ ಗೆರೆ ದಪ್ಪವಾಗಿ, ಒಣಗಿದಾಗ ಸಿಪ್ಪೆ ಎದ್ದು ಉದುರುತ್ತದೆ. ಮಜ್ಜಿಗೆಗಿಂತ ತುಸು ಗಟ್ಟಿ, ಕುಂಚದಿಂದ ಹನಿ ತೊಟ್ಟಿಕ್ಕಬಾರದು, ಎಳೆದರೆ ತಡೆಯಲೂಬಾರದು, ಅದು ಹದ. ಅರೆದ ಹಿಟ್ಟು ಮಾರನೇ ದಿನಕ್ಕೆ ಹುಳಿ ಬರುತ್ತದೆ, ಹಾಗಾಗಿ ಆಯಾ ದಿನದ್ದು ಆಯಾ ದಿನ. ಗೋಡೆ ಇಲ್ಲದ್ದಕ್ಕೆ ಪ್ಲೈವುಡ್ ಹಲಗೆಗೆ ಕೆಮ್ಮಣ್ಣು ಬಳಿಯುತ್ತಾರೆ. ಬರೀ ಮಣ್ಣಾದರೆ ಪುಡಿಪುಡಿ ಉದುರುತ್ತದೆ, ಸ್ವಲ್ಪ ಅಂಟು ಬೆರೆಸಲೇಬೇಕು. ಭೂಮಿ ಹುಣ್ಣಿಮೆ ಹತ್ತಿರವಾದಾಗ ಹೊಲಕ್ಕೆ ಪೂಜೆಯ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗೂ ಚಿತ್ತಾರ ಬರೆಸುತ್ತಾರೆ. ಬುಟ್ಟಿಯ ಉಬ್ಬಿದ ಮೈಮೇಲೆ ಎಳೆ ನೇರವಾಗಿ ತರುವುದು ಹಲಗೆಗಿಂತ ಕಷ್ಟ, ಮಕ್ಕಳ ಕೈ ಕೂರುವುದು ಅಲ್ಲೇ.

ಜಲವರ್ಣಕ್ಕೆ ತೆಳು ಡ್ರಾಯಿಂಗ್ ಶೀಟ್ ಕೊಡುವುದು ನಿಲ್ಲಬೇಕು. ಜುಲೈ ತಿಂಗಳಲ್ಲಿ ಒಂದು ವಾಶ್ (ನೀರುಬಣ್ಣದ ತೆಳು ಪದರ) ಒಣಗಲು ಒಂದು ಪೀರಿಯಡ್ ಪೂರ್ತಿ ಹಿಡಿಯುತ್ತದೆ, ತೆಳು ಹಾಳೆ ಅಷ್ಟರಲ್ಲಿ ಅಲೆಯಾಗುತ್ತದೆ, ಎರಡನೇ ಬಣ್ಣ ಮೊದಲಿನದಕ್ಕೆ ಹರಿದು ರಾಡಿ. 300 ಜಿಎಸ್‌ಎಂ ಹಾಳೆಯನ್ನು ನಾಲ್ಕು ತುಂಡು ಮಾಡಿ ಕೊಟ್ಟರೆ ಖರ್ಚೂ ಹಿಡಿತದಲ್ಲಿರುತ್ತದೆ. ಜೇಡಿಮಣ್ಣಿನ ಕೆಲಸ ಪರವಾಗಿಲ್ಲ. ಕೆರೆಯ ಮಣ್ಣು ತಂದು ಸೋಸಿ ಮಿದಿಯುತ್ತಾರೆ, ಆದರೆ ದಪ್ಪ ಗೊಂಬೆಗಳ ಒಳಗೆ ಪೊಳ್ಳು ಮಾಡಿಸುವುದಿಲ್ಲ. ಹೊರಗೆ ಒಣಗಿ ಒಳಗೆ ಹಸಿ ಉಳಿದು ಕತ್ತಿನ ಹತ್ತಿರ ಸೀಳುತ್ತದೆ.

ಲೋವರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ, ಸಂಗೀತದ ಜೂನಿಯರ್ ಪರೀಕ್ಷೆಗೆ ಕೂರಿಸುತ್ತಾರೆ. ಪ್ರತಿಭಾ ಕಾರಂಜಿಗೂ ಕಳಿಸುತ್ತಾರೆ, ಆದರೆ ಅದಕ್ಕೆಂದು ಉಳಿದವರ ತರಗತಿ ನಿಲ್ಲಿಸುವುದಿಲ್ಲ. ಕ್ಲಸ್ಟರ್ ಹಂತ ಬರುವ ಹೊತ್ತಿಗೆ ಆಯ್ದ ಐದಾರು ಮಕ್ಕಳನ್ನಷ್ಟೇ ತಿಂಗಳುಗಟ್ಟಲೆ ತಿದ್ದುವ ರೋಗ ಇಲ್ಲಿಲ್ಲ. ವಾರ್ಷಿಕೋತ್ಸವ ಎಲ್ಲ ಕಡೆಯಂತೆ. ಸಿನಿಮಾ ಹಾಡಿಗೆ ಕುಣಿತ, ಜೋರು ಧ್ವನಿವರ್ಧಕ. ಅದನ್ನು ನೋಡಿ ಶಾಲೆಯ ಕಲೆಯನ್ನು ಅಳೆಯಬೇಡಿ.

ದೊಡ್ಡ ದೂರು ಹತ್ತನೇ ತರಗತಿಯದ್ದು. ಡಿಸೆಂಬರ್ ಬಂದರೆ ಎಲ್ಲ ಕಲಾ ಪೀರಿಯಡ್ಡುಗಳನ್ನೂ ವಿಶೇಷ ತರಗತಿ ನುಂಗುತ್ತದೆ. ಎರಡು ವರ್ಷಕ್ಕೂ ಹೆಚ್ಚು ಬಾರಿಸಿ ಕೂರಿಸಿದ ಕೈ ಮೂರು ನಾಲ್ಕು ತಿಂಗಳು ಖಾಲಿ ಕೂತರೆ ಚಂಡೆಯ ವೇಗ ಅರ್ಧಕ್ಕಿಳಿಯುತ್ತದೆ. ಶನಿವಾರ ಬೆಳಿಗ್ಗೆ ಒಂದು ಪೀರಿಯಡ್ ಉಳಿಸಿದ್ದರೆ ಯಾರ ಫಲಿತಾಂಶವೂ ಕೆಡುತ್ತಿರಲಿಲ್ಲ. ಸಂಜೆಯ ಅಭ್ಯಾಸವನ್ನು ಬೆಳಿಗ್ಗೆ ಎಂಟೂಕಾಲಕ್ಕೆ ತಂದಿರುವುದು ಮಾತ್ರ ಬಹಳ ಒಳ್ಳೆಯ ನಿರ್ಧಾರ. ಸಂಜೆ ಇದ್ದರೆ ಆಯನೂರು, ಗಾಜನೂರು, ಹೊಳೆಹೊನ್ನೂರು ಕಡೆಯ ಹುಡುಗಿಯರು ಬಸ್ಸಿಗೆಂದು ಅರ್ಧಕ್ಕೆ ಎದ್ದು ಹೋಗಬೇಕಿತ್ತು, ಪಾತ್ರಗಳೆಲ್ಲ ಪೇಟೆ ಮಕ್ಕಳ ಪಾಲಾಗುತ್ತಿದ್ದವು. ಈಗ ಭಾಗವತಿಕೆಗೆ ಕೂರುವವಳು ಗಾಜನೂರು ಕಡೆಯಿಂದ ಬರುವ ಹುಡುಗಿ.

ಅರ್ಜಿ ತರಲು ಹೋಗುವವರು ಆಫೀಸಿಗೆ ಹತ್ತು ಗಂಟೆಗೆ ಹೋಗುವ ಬದಲು ಎಂಟೂಕಾಲಕ್ಕೆ ಹೋಗಿ, ಸಂಗೀತದ ಕೋಣೆಯ ಹೊರಗೆ ಕಾಲು ಗಂಟೆ ನಿಂತುಕೊಳ್ಳಿ. ಮಳೆಗಾಲವಾದರೆ ಬೀರು ತೆಗೆಸಿ, ಬಲ್ಬು ಉರಿಯುತ್ತಿದೆಯೇ ನೋಡಿ. ನೃತ್ಯದ ಕೋಣೆಗೂ ಹೋಗಿ ಚಪ್ಪಲಿ ಬಿಟ್ಟು ಗ್ರಾನೈಟಿನ ಮೇಲೆ ಎರಡು ಸಲ ಕಾಲು ಬಡಿಯಿರಿ, ಪ್ಲೈವುಡ್ ಯಾವಾಗ ಹಾಕಿಸುತ್ತೀರಿ ಎಂದು ಮುಖ್ಯೋಪಾಧ್ಯಾಯರನ್ನು ಅಲ್ಲೇ ನಿಲ್ಲಿಸಿ ಕೇಳಿ.