ಎಂಪಿ ಟ್ರ್ಯಾಕ್, ಬಹುಕಾಲ ಬಳಸಿದ ಮೇಲೆ: ಹಾಜರಿ ನೋಡಿ ಮುಚ್ಚಬೇಡಿ, ಪ್ರಶ್ನೆ ತೆರೆದು ಓದಿ

ಎಂಪಿ ಟ್ರ್ಯಾಕ್ ಎಂದರೆ ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್ ಎಂಬ ಸಂಶೋಧನಾ ಸಂಸ್ಥೆ ನಡೆಸುವ, ಸಂಸದರ ಕೆಲಸದ ಲೆಕ್ಕ ಕೊಡುವ ಜಾಲಪುಟ. ಸಂಸದರ ಹೆಸರು ಒತ್ತಿದರೆ ಹಾಜರಿ, ಚರ್ಚೆ, ಪ್ರಶ್ನೆ, ಖಾಸಗಿ ಮಸೂದೆ (ಮಂತ್ರಿಯಲ್ಲದ ಸದಸ್ಯರು ತರುವ ಮಸೂದೆ) ಎಂದು ನಾಲ್ಕು ಅಂಕಿ, ಪಕ್ಕದಲ್ಲಿ ದೇಶದ ಸರಾಸರಿ, ರಾಜ್ಯದ ಸರಾಸರಿ. ಬಿಟ್ಟಿ ಸಿಗುತ್ತದೆ, ಮೊಬೈಲ್‌ನಲ್ಲೂ ತೆರೆಯುತ್ತದೆ. ಆದರೆ ಯಾವ ಮಸೂದೆಗೆ ನಮ್ಮ ಸಂಸದರು ಪರ, ಯಾವುದಕ್ಕೆ ವಿರೋಧ ಎಂಬ ಕಾಲಂ ಮಾತ್ರ ಅಲ್ಲಿಲ್ಲ. ಮತ ಕೇಳಿ ಗೆದ್ದವರು ಸದನದೊಳಗೆ ತಮ್ಮ ಮತವನ್ನು ಏನು ಮಾಡಿದರು ಎಂಬುದೇ ಸಿಗದಿದ್ದರೆ ಉಳಿದ ಅಂಕಿಗಳನ್ನು ಇಟ್ಟುಕೊಂಡು ಏನು ಮಾಡುವುದು ಎಂಬ ಸಿಟ್ಟು ಯಾರಿಗಾದರೂ ಬರುತ್ತದೆ.

ತಪ್ಪು ಆ ಪುಟದ್ದಲ್ಲ. ನಮ್ಮ ಸಂಸತ್ತಿನಲ್ಲಿ ಬಹುಪಾಲು ಮಸೂದೆಗಳು ಧ್ವನಿಮತದಲ್ಲಿ ಪಾಸಾಗುತ್ತವೆ. ‘ಹೌದು’ ಎನ್ನುವವರ ದನಿ ಜೋರಿದೆ ಎಂದು ಪೀಠದಲ್ಲಿರುವವರಿಗೆ ಅನ್ನಿಸಿದರೆ ಮುಗಿಯಿತು, ಯಾರ ಹೆಸರೂ ಎಲ್ಲೂ ದಾಖಲಾಗುವುದಿಲ್ಲ. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಕೃಷಿ ಮಸೂದೆಗಳು ಪಾಸಾದದ್ದು ಹೀಗೆಯೇ. ವಿರೋಧ ಪಕ್ಷಗಳು ಮತ ವಿಭಜನೆ (ಡಿವಿಷನ್), ಅಂದರೆ ಹೆಸರು ದಾಖಲಾಗುವ ಮತ ಎಣಿಕೆ, ಕೇಳಿದರೂ ಆಗಲಿಲ್ಲ. ಮರುವರ್ಷ ನವೆಂಬರ್ 29ರಂದು ಆ ಕಾಯ್ದೆಗಳನ್ನು ರದ್ದು ಮಾಡಿದ್ದೂ ಧ್ವನಿಮತದಲ್ಲೇ, ಚರ್ಚೆಯೂ ಇಲ್ಲದೆ. ಅಷ್ಟು ದೊಡ್ಡ ಗಲಾಟೆಯ ಎರಡೂ ತುದಿಯಲ್ಲಿ ನಿಮ್ಮ ಸಂಸದರ ಹೆಸರು ಹುಡುಕಿದರೆ ಸಿಗುವುದಿಲ್ಲ.

ಡಿವಿಷನ್ ನಡೆದರೆ ಹೆಸರು ಸಿಗುತ್ತದೆ. ಸಂವಿಧಾನ ತಿದ್ದುಪಡಿಗೆ ಎಣಿಕೆ ಕಡ್ಡಾಯ. ಮಹಿಳಾ ಮೀಸಲಾತಿಗೆ 2023ರ ಸೆಪ್ಟೆಂಬರ್ 20ರಂದು ಲೋಕಸಭೆಯಲ್ಲಿ 454 ಪರ, 2 ವಿರೋಧ. ಸಾಮಾನ್ಯ ಮಸೂದೆಗೆ ಯಾರಾದರೂ ಪಟ್ಟು ಹಿಡಿದು ಕೇಳಬೇಕು. ಹಾಗೆ ಎಣಿಕೆಯಾದದ್ದು 2019ರ ಡಿಸೆಂಬರ್‌ನ ಪೌರತ್ವ ತಿದ್ದುಪಡಿ ಮಸೂದೆ (311–80), 2025ರ ಏಪ್ರಿಲ್‌ನ ವಕ್ಫ್ ತಿದ್ದುಪಡಿ ಮಸೂದೆ (288–232).

ಈ ಪಟ್ಟಿಗಳನ್ನು ಕೈಯಾರೆ ಹುಡುಕಬೇಕು. ಸಂಸತ್ತಿನ ಜಾಲತಾಣ ಸಂಸದ್ ಡಾಟ್ ಇನ್‌ನಲ್ಲಿ ಲೋಕಸಭೆಯ ಚರ್ಚೆಗಳ ವಿಭಾಗಕ್ಕೆ ಹೋಗಿ ಆ ದಿನದ ಪೂರ್ಣ ಪಠ್ಯದ ಪಿಡಿಎಫ್ ಇಳಿಸಿಕೊಂಡು, ಇಂಗ್ಲಿಷ್‌ನಲ್ಲಿ ‘ಡಿವಿಷನ್’ ಎಂದು ಹುಡುಕಿ. ದಿನಾಂಕದಲ್ಲಿ ಎಡವುವವರು ಬಹಳ. ವಕ್ಫ್ ಮಸೂದೆಯ ಮತದಾನ ನಡೆದದ್ದು ಮಧ್ಯರಾತ್ರಿ ದಾಟಿದ ಮೇಲಾದರೂ ಕಲಾಪ ಶುರುವಾದದ್ದು ಏಪ್ರಿಲ್ 2ಕ್ಕೆ, ಹಾಗಾಗಿ ಆ ದಿನದ ಕಡತವನ್ನೇ ತೆರೆಯಬೇಕು. ಹೆಸರುಗಳು ಅಡ್ಡಹೆಸರಿನ ಅಕ್ಷರಕ್ರಮದಲ್ಲಿರುತ್ತವೆ: ‘ಜೋಶಿ, ಶ್ರೀ ಪ್ರಲ್ಹಾದ’ ಎಂಬ ರೀತಿ. ಇನಿಷಿಯಲ್ ಇಟ್ಟುಕೊಂಡ ನಮ್ಮವರನ್ನು ಹುಡುಕುವಾಗ ಇನಿಷಿಯಲ್ ಬಿಟ್ಟು ಹೆಸರು ಟೈಪ್ ಮಾಡಿ. ಫಲಿತಾಂಶವನ್ನು ‘ತಿದ್ದುಪಡಿಗೆ ಒಳಪಟ್ಟು’ ಎಂದೇ ಘೋಷಿಸುತ್ತಾರೆ. ಯಂತ್ರ ಕೆಲಸ ಮಾಡದವರು, ತಪ್ಪು ಗುಂಡಿ ಒತ್ತಿದವರು ಚೀಟಿಯಲ್ಲಿ ಮತ ಕೊಡುತ್ತಾರೆ, ಅದು ಅಡಿಟಿಪ್ಪಣಿಗೆ ಹೋಗುತ್ತದೆ. ಅಡಿಟಿಪ್ಪಣಿ ಓದದೆ ‘ನಮ್ಮ ಎಂಪಿ ಗೈರು’ ಎಂದು ವಾಟ್ಸಾಪ್‌ನಲ್ಲಿ ಹಾಕಿದವರು ಆಮೇಲೆ ಅಳಿಸಬೇಕಾಗುತ್ತದೆ. ಗೈರಾದವರಿಗೆ ಪ್ರತ್ಯೇಕ ಪಟ್ಟಿ ಇರುವುದಿಲ್ಲ. ಎರಡೂ ಕಡೆ ಹೆಸರಿಲ್ಲ, ತಟಸ್ಥರಲ್ಲೂ ಇಲ್ಲ, ಚೀಟಿಯಲ್ಲೂ ಇಲ್ಲ ಎಂದಾದ ಮೇಲಷ್ಟೇ ಆ ತೀರ್ಮಾನ.

ಇಷ್ಟೆಲ್ಲ ಬೆವರು ಸುರಿಸಿದ ಮೇಲೂ ಸಿಗುವುದು ಪಕ್ಷದ ನಿಲುವೇ. 1985ರ ಪಕ್ಷಾಂತರ ನಿಷೇಧ ಕಾನೂನಿನ ಪ್ರಕಾರ ವಿಪ್ (ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶ) ಮೀರಿ ಮತ ಹಾಕಿದರೆ, ಪಕ್ಷ 15 ದಿನದೊಳಗೆ ಮನ್ನಿಸದಿದ್ದರೆ, ಸದಸ್ಯತ್ವವೇ ಹೋಗಬಹುದು. ಬ್ರಿಟನ್ನಿನ ‘ದೇ ವರ್ಕ್ ಫಾರ್ ಯೂ’ ಜಾಲತಾಣ ತೆರೆದರೆ ಪ್ರತಿ ಸಂಸದರೂ ಯಾವ ವಿಷಯಕ್ಕೆ ಹೇಗೆ ಮತ ಹಾಕಿದರು ಎಂದು ಸಾಲುಸಾಲಾಗಿ ಸಿಗುತ್ತದೆ. ಅಲ್ಲೂ ವಿಪ್ ಇದೆ, ಆದರೆ ಮೀರಿದರೆ ಹೋಗುವುದು ಪಕ್ಷದ ಕೃಪೆ, ಸೀಟಲ್ಲ. ಲಂಡನ್ನಿನಲ್ಲಿರುವ ನೆಂಟರು ಅದನ್ನು ತೋರಿಸಿ ‘ನಮ್ಮಲ್ಲಿ ಯಾಕಿಲ್ಲ’ ಎಂದರೆ ಉತ್ತರ ಇದೇ. ನಮ್ಮಲ್ಲಿ ಅಂಥ ಕಾಲಂ ಮಾಡಿದರೂ ಒಂದು ಪಕ್ಷದ ಅಷ್ಟೂ ಮಂದಿಯ ಸಾಲು ಒಂದೇ ತರಹ ಇರುತ್ತದೆ. ಇದು ಹೊಳೆದ ಮೇಲೆ ಎಂಪಿ ಟ್ರ್ಯಾಕ್ ಮೇಲಿನ ನನ್ನ ಮುನಿಸು ಅರ್ಧ ಇಳಿಯಿತು.

ಹಾಜರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪತ್ರಿಕೆಗಳು ಎತ್ತಿ ಹಾಕುವುದು ಅದನ್ನೇ, ಆದರೆ ಅದು ಬಂದಿದ್ದರು ಎಂಬುದರ ಲೆಕ್ಕ ಮಾತ್ರ. ಹಾಜರಿ ದಾಖಲಾದರೆ ದಿನಭತ್ಯೆ (2023ರ ಏಪ್ರಿಲ್‌ನಿಂದ 2,500 ರೂಪಾಯಿ), ಒಳಗೆ ಎಷ್ಟು ಹೊತ್ತು ಕೂತರು ಎಂಬುದಕ್ಕೆ ಲೆಕ್ಕವಿಲ್ಲ. ಮಂತ್ರಿಗಳು, ಸ್ಪೀಕರ್, ವಿರೋಧ ಪಕ್ಷದ ನಾಯಕರು ಹಾಜರಿ ಹಾಕಬೇಕಿಲ್ಲ. ಮಂತ್ರಿಗಳು ಪ್ರಶ್ನೆ ಕೇಳುವುದಿಲ್ಲ, ಖಾಸಗಿ ಮಸೂದೆ ತರುವುದಿಲ್ಲ. 2024ರಲ್ಲಿ ಗೆದ್ದ ನಮ್ಮ 28 ಮಂದಿಯಲ್ಲಿ ಧಾರವಾಡ, ಮಂಡ್ಯ, ತುಮಕೂರು, ಬೆಂಗಳೂರು ಉತ್ತರದವರು ಮಂತ್ರಿಗಳಾದರು. ಮಂತ್ರಿಗಿರಿ ಇರುವಷ್ಟು ದಿನ ಆ ಪುಟಗಳು ಖಾಲಿ ಕಂಡರೆ ಸೋಮಾರಿತನ ಎಂದುಕೊಳ್ಳಬೇಡಿ. ಖಾಸಗಿ ಮಸೂದೆಯ ಕಾಲಂ ಕೂಡ ಅಷ್ಟಕ್ಕಷ್ಟೇ: ಸ್ವಾತಂತ್ರ್ಯ ಬಂದ ಮೇಲೆ ಪಾಸಾದವು 14, ಕೊನೆಯದು 1970ರಲ್ಲಿ. ಚರ್ಚೆಯ ಅಂಕಿಯಲ್ಲಿ ಶೂನ್ಯವೇಳೆಯ ಒಂದು ನಿಮಿಷದ ಪ್ರಸ್ತಾಪಕ್ಕೂ ಬಜೆಟ್ ಮೇಲಿನ ದೀರ್ಘ ಭಾಷಣಕ್ಕೂ ಒಂದೇ ಬೆಲೆ. ಕೆಳಗಿನ ಪಟ್ಟಿಯಲ್ಲಿ ‘ಚರ್ಚೆಯ ಬಗೆ’ ಎಂಬ ಕಾಲಂ ಇದೆ, ಅದನ್ನು ನೋಡದೆ ಅಂಕಿ ನಂಬಬೇಡಿ.

ಸೊಗಸು ಇರುವುದು ಪ್ರಶ್ನೆಗಳಲ್ಲಿ. ಎಣಿಕೆಯನ್ನು ಮರೆತು ಪಟ್ಟಿಯಲ್ಲಿರುವ ವಿಷಯಗಳ ಮೇಲೆ ಕಣ್ಣಾಡಿಸಿ. ನಿಮ್ಮ ಊರಿನ ರೈಲು ಜೋಡಿ ಮಾರ್ಗ, ಅಡಿಕೆ ಆಮದು, ಜಲಜೀವನ್ ನಲ್ಲಿ, ಇಎಸ್‌ಐ ಆಸ್ಪತ್ರೆ, ಏನಾದರೊಂದು ಇದ್ದೇ ಇರುತ್ತದೆ. ಪೂರ್ತಿ ಉತ್ತರ ಬೇಕೆಂದರೆ ಸಂಸದ್ ಡಾಟ್ ಇನ್‌ನ ಪ್ರಶ್ನೋತ್ತರ ಹುಡುಕಾಟಕ್ಕೆ ಹೋಗಿ ಲೋಕಸಭೆಯ ಸಂಖ್ಯೆ, ಅಧಿವೇಶನ, ಸದಸ್ಯರ ಹೆಸರು ಆರಿಸಿದರೆ ಸಾಕು.

ಅಧಿವೇಶನ ಇದ್ದಾಗ ಸಂಜೆಯ ಕಾಫಿ ಜೊತೆ ಇದನ್ನು ತೆರೆಯುವುದು ರೂಢಿಯಾದರೆ ಬಿಡುವುದು ಕಷ್ಟ. ಲೋಕಸಭೆಯಲ್ಲಿ ಬೆಳಗ್ಗೆ 11ರಿಂದ 12 ಪ್ರಶ್ನೋತ್ತರ ಅವಧಿ, ಅದು ಮುಗಿದ ಮೇಲೆ ಅಂದಿನ ಉತ್ತರಗಳು ಏರುತ್ತವೆ. ದಿನಕ್ಕೆ 20 ಚುಕ್ಕೆ ಗುರುತಿನವು, 230 ಚುಕ್ಕೆ ಗುರುತಿಲ್ಲದವು. ಚುಕ್ಕೆ ಗುರುತಿನದಕ್ಕೆ ಮಂತ್ರಿ ಎದ್ದು ನಿಂತು ಉತ್ತರಿಸಬೇಕು, ಉಪಪ್ರಶ್ನೆ ಹಾಕಬಹುದು. ಆದರೆ ಒಂದು ಗಂಟೆಯಲ್ಲಿ ಆಗುವುದು ಕೆಲವೇ, ಉಳಿದವಕ್ಕೆ ಲಿಖಿತ ಉತ್ತರ. ನನ್ನ ಒಲವು ಚುಕ್ಕೆಯಿಲ್ಲದವುಗಳ ಕಡೆಗೆ, ಯಾಕೆಂದರೆ ರುಚಿ ಅನುಬಂಧದಲ್ಲಿರುತ್ತದೆ. ಎರಡು ಸಾಲಿನ ಉತ್ತರದ ಕೆಳಗೆ ಜಿಲ್ಲಾವಾರು ಕೋಷ್ಟಕ: ಎಷ್ಟು ಮಂಜೂರು, ಎಷ್ಟು ಬಿಡುಗಡೆ, ಎಷ್ಟು ಖರ್ಚು. ಜಿಲ್ಲಾ ಕಚೇರಿಗೆ ಅಲೆದು ಅರ್ಜಿ ಕೊಟ್ಟು ಕಾಯಬೇಕಾದ ಅಂಕಿ ಮಂತ್ರಿಯ ಹೊಣೆಯಲ್ಲಿ ಕೈಗೆ ಬಂದಿರುತ್ತದೆ. ಪಿಡಿಎಫ್ ಇಳಿಸಿ, ಕಡತದ ಹೆಸರಿಗೆ ದಿನಾಂಕ ಮತ್ತು ವಿಷಯ ಸೇರಿಸಿಟ್ಟುಕೊಳ್ಳಿ, ಮುಂದಿನ ವರ್ಷ ಅದೇ ಪ್ರಶ್ನೆ ಬಂದಾಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು.

ಓದುವಾಗ ಕೆಲವು ಎಚ್ಚರ. ಒಂದೇ ಪ್ರಶ್ನೆಯ ಮೇಲೆ ಐದಾರು ಸಂಸದರ ಹೆಸರಿದ್ದರೆ ಅದು ಜೋಡಿಸಿದ ಪ್ರಶ್ನೆ, ಎಲ್ಲರ ಖಾತೆಗೂ ಒಂದೊಂದು ಸೇರುತ್ತದೆ. ಒಬ್ಬರಿಗೆ ದಿನದ ಪಟ್ಟಿಯಲ್ಲಿ ಹೆಚ್ಚೆಂದರೆ 5, ಅದರಲ್ಲಿ ಚುಕ್ಕೆ ಗುರುತಿನದು ಒಂದೇ. ಅದೂ ಬ್ಯಾಲೆಟ್‌ನಲ್ಲಿ (ಲಾಟರಿಯಂಥ ಆಯ್ಕೆಯಲ್ಲಿ) ಅದೃಷ್ಟ ಇದ್ದರೆ. ಹಾಗಾಗಿ ದೊಡ್ಡ ಸಂಖ್ಯೆ ಎಂದರೆ ಕಚೇರಿಯ ಸಿಬ್ಬಂದಿ ಚುರುಕಾಗಿದ್ದಾರೆ ಎಂದೂ ಇರಬಹುದು. ‘ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು’ ಎಂಬ ಉತ್ತರ ಬಂದರೆ ಬೇಸರಪಡಬೇಡಿ. ಅದು ಭರವಸೆ ಎಂದು ದಾಖಲಾಗುತ್ತದೆ, ಮೂರು ತಿಂಗಳಲ್ಲಿ ಈಡೇರಿಸಬೇಕು, ಸರ್ಕಾರಿ ಭರವಸೆಗಳ ಸಮಿತಿ ಬೆನ್ನು ಹತ್ತುತ್ತದೆ. ‘ಇದು ರಾಜ್ಯದ ವಿಷಯ’ ಎಂದರೆ ಅಲ್ಲಿಗೆ ಮುಗಿಯಿತು. 2020ರ ಮುಂಗಾರು ಅಧಿವೇಶನದಲ್ಲಿ ಪ್ರಶ್ನೋತ್ತರ ಅವಧಿಯೇ ಇರಲಿಲ್ಲ. 2023ರ ಚಳಿಗಾಲದಲ್ಲಿ ಎರಡೂ ಸದನ ಸೇರಿ 146 ಮಂದಿ ಅಮಾನತಾದರು, ಅವರ ಪ್ರಶ್ನೆಗಳೂ ಪಟ್ಟಿಯಿಂದ ಹೋದವು. ಆ ಅವಧಿಯ ಅಂಕಿ ಹೋಲಿಸುವಾಗ ಇದು ನೆನಪಿರಲಿ. ಉತ್ತರಗಳು ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಕನ್ನಡದ ಓದುಗರಿಗೆ ಇದೊಂದು ಕಿರಿಕಿರಿ ಉಳಿದೇ ಇದೆ.

ಖರ್ಚಿನ ಲೆಕ್ಕ ಎಂಪಿ ಟ್ರ್ಯಾಕ್‌ನಲ್ಲಿಲ್ಲ. ವರ್ಷಕ್ಕೆ 5 ಕೋಟಿಯ ಸಂಸದರ ನಿಧಿ ಬೇಕಿದ್ದರೆ ಕೇಂದ್ರ ಅಂಕಿಅಂಶ ಸಚಿವಾಲಯದ ಇ-ಸಾಕ್ಷಿ ಜಾಲತಾಣಕ್ಕೆ ಹೋಗಬೇಕು. 2023ರ ಏಪ್ರಿಲ್‌ನಿಂದ ಕಾಮಗಾರಿಗಳ ವ್ಯವಹಾರ ಅಲ್ಲೇ ನಡೆಯುತ್ತದೆ. ಆ ಹಣ ಸಂಸದರ ಕೈಗೆ ಬರುವುದಿಲ್ಲ. ಅವರು ಶಿಫಾರಸು ಮಾಡುತ್ತಾರೆ, ಜಿಲ್ಲಾಡಳಿತ 45 ದಿನದಲ್ಲಿ ಮಂಜೂರು ಮಾಡಬೇಕು ಅಥವಾ ಕಾರಣ ಕೊಟ್ಟು ತಿರಸ್ಕರಿಸಬೇಕು, ಕೆಆರ್‌ಐಡಿಎಲ್, ನಿರ್ಮಿತಿ ಕೇಂದ್ರದಂಥ ಸರ್ಕಾರಿ ನಿರ್ಮಾಣ ಸಂಸ್ಥೆಗಳು ಕಟ್ಟುತ್ತವೆ. ಆದ್ದರಿಂದ ಶಿಫಾರಸಾದ ಮೊತ್ತ, ಮಂಜೂರಾದ ಮೊತ್ತ, ಪಾವತಿಯಾದ ಮೊತ್ತ ಮೂರನ್ನೂ ಬೇರೆ ಬೇರೆ ಬರೆದಿಟ್ಟುಕೊಳ್ಳಿ. ಶಿಫಾರಸೇ ಕಡಿಮೆ ಇದ್ದರೆ ಸಂಸದರನ್ನು ಕೇಳಿ. ಮಂಜೂರಾಗಿ ಕೆಲಸ ನಿಂತಿದ್ದರೆ ಜಿಲ್ಲಾಧಿಕಾರಿ ಕಚೇರಿಯನ್ನು ಕೇಳಿ. ಕೋವಿಡ್ ಕಾಲದಲ್ಲಿ, 2020ರ ಏಪ್ರಿಲ್‌ನಿಂದ 2021ರ ನವೆಂಬರ್‌ವರೆಗೆ, ನಿಧಿಯೇ ನಿಂತಿತ್ತು. 17ನೇ ಲೋಕಸಭೆಯವರ (2019–24) ಖರ್ಚನ್ನು ಹಿಂದಿನವರ ಜೊತೆ ಹೋಲಿಸಿ ಬೈಯುವ ಮೊದಲು ಅದನ್ನು ಕಳೆಯಿರಿ. ರಾಜ್ಯಸಭೆಯವರು ರಾಜ್ಯದ ಯಾವ ಜಿಲ್ಲೆಗಾದರೂ ಕೊಡಬಹುದು, ಹಾಗಾಗಿ ನಿಮ್ಮ ಊರಿನ ಬಸ್ ತಂಗುದಾಣದ ಮೇಲೆ ಗುರುತೇ ಇಲ್ಲದವರ ಹೆಸರು ಕಂಡರೆ ಅಚ್ಚರಿಯಿಲ್ಲ.

ಪರದೆಯ ಮೇಲೆ ‘ಪೂರ್ಣಗೊಂಡಿದೆ’ ಎಂದಿದ್ದು ಜಾಗದಲ್ಲಿ ಬರೀ ಪಿಲ್ಲರ್ ನಿಂತಿದ್ದರೆ ಆರ್‌ಟಿಐ ಹಾಕಿ. 10 ರೂಪಾಯಿ ಶುಲ್ಕ, ಪ್ರತಿಗೆ ಪುಟಕ್ಕೆ 2 ರೂಪಾಯಿ, 30 ದಿನ. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಗೆ ಒಂದೇ ವಿಷಯ. ‘ಎಲ್ಲ ಕಾಮಗಾರಿಗಳ ವಿವರ’ ಎಂದು ಕೇಳಿದರೆ ವಾಪಸ್ ಬರುವುದು ಖಂಡಿತ. ಕಾಮಗಾರಿಯ ಸಂಖ್ಯೆ ಬರೆದು ಕಾರ್ಯಾದೇಶ, ಅಳತೆ ಪುಸ್ತಕದ ಪುಟ, ಪೂರ್ಣಗೊಂಡ ಪ್ರಮಾಣಪತ್ರ, ಇಷ್ಟನ್ನೇ ಕೇಳಿ. ಅಳತೆ ಪುಸ್ತಕದಲ್ಲಿ ಎಂಜಿನಿಯರ್ ಸಹಿ ಮಾಡಿದ ಉದ್ದ, ಅಗಲ, ಎತ್ತರ ಇರುತ್ತದೆ. ಟೇಪು ಹಿಡಿದು ಹೋಗಿ ಅಳೆದರೆ ತಾಳೆ ಆಗುತ್ತದೋ ಇಲ್ಲವೋ ಗೊತ್ತಾಗುತ್ತದೆ.