ಫೋನ್ ಟೆಸ್ಟರ್ ಪಾರ್ಟ್ ಟೈಮ್ ಕೆಲಸ: ಡಿಪಾಸಿಟ್ ಕೇಳಿದರೆ ಅಲ್ಲೇ ನಿಲ್ಲಿಸಿ

ಇದನ್ನು ಬರೆಯಲು ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತೇನೆ. ನನ್ನನ್ನು ಸೇರಿಸಿಕೊಂಡ ಗುಂಪಿಗೆ ದಿನಾ ಹೊಸಬರು ಬಂದು ಸೇರುತ್ತಿದ್ದುದನ್ನು ಕಣ್ಣಾರೆ ನೋಡಿದ್ದೇನೆ.

ಜಾಹೀರಾತಿನಲ್ಲಿ ಇದ್ದದ್ದು ಇಷ್ಟೇ. ದಿನಕ್ಕೆ 2 ಗಂಟೆ ಕೆಲಸ, ಮನೆಯಲ್ಲೇ ಕೂತು ಆ್ಯಪ್ ಮತ್ತು ಫೋನ್ ಟೆಸ್ಟ್ ಮಾಡಬೇಕು, ಅನುಭವ ಬೇಡ. ಇಂಥದ್ದರಲ್ಲಿ ಮೋಸ ಜಾಸ್ತಿ ಅಂತ ನನಗೂ ಗೊತ್ತಿತ್ತು. ಆದರೂ ನಂಬಿದೆ, ಯಾಕೆಂದರೆ ಅವರು ಹೇಳಿದ ಮೊದಲ ಮಾತು ನಿಜವಾಗಿತ್ತು. "ಪ್ಲೇ ಸ್ಟೋರ್‌ನಲ್ಲಿ ಆ್ಯಪ್ ಬಿಡುವ ಮುಂಚೆ ಹೊಸ ಡೆವಲಪರ್‌ಗಳು 12 ಟೆಸ್ಟರ್‌ಗಳನ್ನು 14 ದಿನ ಇಟ್ಟುಕೊಳ್ಳಲೇಬೇಕು, ಅದಕ್ಕೇ ನಿಮ್ಮಂಥವರು ಬೇಕು" ಅಂದರು. ಹುಡುಕಿ ನೋಡಿದೆ. ನಿಯಮ ಇದೆ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಡೆವಲಪರ್ ಖಾತೆಗಳಿಗೆ ಗೂಗಲ್ ಇಟ್ಟ ನಿಯಮ ಅದು. ಮೊದಲು 20 ಜನ ಅಂತಿತ್ತು, 2024ರ ಡಿಸೆಂಬರ್‌ನಲ್ಲಿ 12ಕ್ಕೆ ಇಳಿಸಿದರು. ಒಂದು ಮಾತು ನಿಜ ಅಂತ ಗೊತ್ತಾದ ಮೇಲೆ ಉಳಿದದ್ದನ್ನು ನಾನು ನೋಡಲೇ ಇಲ್ಲ.

ಮೊದಲ ವಾರ ಎಲ್ಲ ಸರಿಯಾಗಿಯೇ ಇತ್ತು. ಮೂರು ಆ್ಯಪ್ ಕೊಟ್ಟರು. ಪ್ಲೇ ಸ್ಟೋರ್‌ನಿಂದಲೇ ಹಾಕಿಕೊಂಡೆ. ಪ್ರತಿಯೊಂದಕ್ಕೂ ಸ್ವಲ್ಪ ದುಡ್ಡೂ ಬಂತು. ನಾನಂತೂ ಶ್ರದ್ಧೆಯಿಂದ ಕೆಲಸ ಮಾಡಿದೆ. ಫೋನ್ ಮಾಡೆಲ್, ಆಂಡ್ರಾಯ್ಡ್ ಆವೃತ್ತಿ, ಯಾವ ಬಟನ್ ಒತ್ತಿದೆ, ಏನಾಗಬೇಕಿತ್ತು, ಏನಾಯಿತು, ಎಲ್ಲ ಬರೆದು ಸ್ಕ್ರೀನ್‌ಶಾಟ್ ಜೊತೆ ಕಳಿಸುತ್ತಿದ್ದೆ. ಒಂದು ದಿನ ಅವಸರದಲ್ಲಿ ಖಾಲಿ ಫೈಲ್ ಹೋಗಿಬಿಟ್ಟಿತು. ಎರಡೇ ನಿಮಿಷದಲ್ಲಿ ಉತ್ತರ: "ಅದ್ಭುತ ವರದಿ! ನಿಮ್ಮನ್ನು ಸೀನಿಯರ್ ಟೆಸ್ಟರ್ ಮಾಡಿದ್ದೇವೆ."

ಖಾಲಿ ಫೈಲ್‌ಗೆ! ಆಗಲೇ ಹೊರಗೆ ಬರಬೇಕಿತ್ತು. ಹಳೆಯ ವರದಿಗಳನ್ನು ನೋಡಿ ಹೇಳಿರಬೇಕು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಸೀನಿಯರ್ ಆದ ಮೇಲೆ ಇನ್ನೂ ಮಾರುಕಟ್ಟೆಗೆ ಬರದ ಫೋನ್ ಕಳಿಸುತ್ತಾರಂತೆ. ಟೆಸ್ಟ್ ಮುಗಿದ ಮೇಲೆ ಅದು ನನ್ನದೇ ಅಂತೆ. ಅದಕ್ಕೊಂದು ಡಿಪಾಸಿಟ್ ಕಟ್ಟಬೇಕು, ಫೋನ್ ಕೈಗೆ ಬಂದ ದಿನವೇ ವಾಪಸ್. ಡಬ್ಬಿಯ ಫೋಟೋ ಕಳಿಸಿದರು. ಕಟ್ಟಿದೆ. ಮರುದಿನ "ಸಾಗಣೆ ವಿಮೆ" ಅಂದರು. ಅದನ್ನೂ ಕಟ್ಟಿದೆ. ಮೊದಲ ದುಡ್ಡು ಅವರ ಕೈಯಲ್ಲಿತ್ತು, ಎರಡನೆಯದು ಕೊಡದಿದ್ದರೆ ಅದೂ ಹೋಗುತ್ತದೆ ಅನ್ನುವ ಭಯ.

ಫೋನ್ ಬರುವ ಮುಂಚೆಯೇ ವರದಿಯ ಮೊದಲ ಪುಟ ತುಂಬಿಸಿಡೋಣ ಅಂತ ಆ ಡಬ್ಬಿಯ ಫೋಟೋ ದೊಡ್ಡದು ಮಾಡಿ ನೋಡಿದೆ. ಚೀಟಿಯ ಮೇಲಿನ ಐಎಂಇಐ, ಅಂದರೆ ಪ್ರತಿ ಫೋನ್‌ಗೂ ಇರುವ ಗುರುತಿನ ಸಂಖ್ಯೆ, ಬರೆದುಕೊಂಡೆ. ಎಣಿಸಿದೆ. 14 ಅಂಕಿ. ಮತ್ತೆ ಎಣಿಸಿದೆ. 14. ಐಎಂಇಐಗೆ 15 ಅಂಕಿ ಇರಬೇಕು. ಕೊನೆಯ ಅಂಕಿಯನ್ನು ಮೊದಲ 14ರಿಂದಲೇ ಲೆಕ್ಕ ಹಾಕಿ ಇಡುತ್ತಾರೆ. ನಿಮ್ಮ ಫೋನ್‌ನಲ್ಲಿ *#06# ಒತ್ತಿ ನೋಡಿ. ಆ ಚೀಟಿ ಯಾರೋ ಕೂತು ಟೈಪ್ ಮಾಡಿದ್ದು. ಫೋನೇ ಇಲ್ಲ. ಕೈ ತಣ್ಣಗಾಯಿತು. ನಾಲ್ಕನೇ ಸಲವೂ ಎಣಿಸಿದೆ, ನಾನೇ ತಪ್ಪಿರಬೇಕು ಅಂತ.

ಕೇಳಿದೆ. ಉತ್ತರ: "ಟೆಸ್ಟ್ ಫೋನ್‌ಗೆ 14 ಅಂಕಿಯೇ ಇರುತ್ತದೆ."
ಇಲ್ಲ, ಹಾಗಿರುವುದಿಲ್ಲ ಅಂದೆ. "ಇದು ಕಂಪನಿಯ ಗುಟ್ಟು, ನೀವು ಒಪ್ಪಂದ ಮುರಿಯುತ್ತಿದ್ದೀರಿ."
ಫೋನ್ ಬೇಡ, ದುಡ್ಡು ವಾಪಸ್ ಕೊಡಿ ಅಂದೆ. "ಖಂಡಿತ ಕೊಡುತ್ತೇವೆ. ರೀಫಂಡ್ ಆ್ಯಪ್ ಹಾಕಿಕೊಳ್ಳಿ."

ಇಷ್ಟೆಲ್ಲ ಗೊತ್ತಾದ ಮೇಲೂ ಆ ಆ್ಯಪ್ ಹಾಕಿಕೊಂಡೆ. ಇದನ್ನು ಹೇಳಿಕೊಳ್ಳುವುದೇ ಕಷ್ಟ. ಹೋದ ದುಡ್ಡು ಬರುತ್ತದೆ ಅಂದರೆ ಮನಸ್ಸು ಏನು ಬೇಕಾದರೂ ಮಾಡಿಬಿಡುತ್ತದೆ. ಈ ಸಲ ಪ್ಲೇ ಸ್ಟೋರ್ ಅಲ್ಲ, ಚಾಟ್‌ನಲ್ಲೇ ಎಪಿಕೆ ಫೈಲ್ (ಆ್ಯಪ್ ಅನ್ನು ನೇರವಾಗಿ ಹಾಕುವ ಫೈಲ್) ಬಂತು. ಆ್ಯಕ್ಸೆಸಿಬಿಲಿಟಿ ಅನುಮತಿ ಕೇಳಿತು, ಅಂದರೆ ಸ್ಕ್ರೀನ್ ಓದಿ ನಮ್ಮ ಬದಲು ತಾನೇ ಒತ್ತುವ ಅನುಮತಿ. ಆನ್ ಮಾಡಲು ಹೋದರೆ ಫೋನೇ ತಡೆಯಿತು, ನಿಮ್ಮ ಸುರಕ್ಷತೆಗಾಗಿ ಈ ಸೆಟ್ಟಿಂಗ್ ಈಗ ಲಭ್ಯವಿಲ್ಲ ಅಂತ. ಆಂಡ್ರಾಯ್ಡ್ 13ರಿಂದ ಈ ತಡೆ ಇದೆ. ಹೊರಗಿನಿಂದ ಹಾಕಿದ ಆ್ಯಪ್‌ಗಳು ಸುಲಭವಾಗಿ ಈ ಅನುಮತಿ ಪಡೆಯಬಾರದು ಅಂತಲೇ ಇಟ್ಟದ್ದು. ಅವರ ಉತ್ತರ ತಯಾರಾಗಿತ್ತು: "ಅದು ಸಾಮಾನ್ಯ ದೋಷ. ಆ್ಯಪ್ ಮಾಹಿತಿಗೆ ಹೋಗಿ, ಮೇಲಿನ ಮೂರು ಚುಕ್ಕಿ ಒತ್ತಿ, ನಿರ್ಬಂಧಿತ ಸೆಟ್ಟಿಂಗ್‌ಗೆ ಅನುಮತಿ ಕೊಡಿ." ಕೆಂಪು ಗುರುತು ಹಾಕಿದ ಸ್ಕ್ರೀನ್‌ಶಾಟ್ ಕೂಡ ಕಳಿಸಿದರು. ಎಷ್ಟು ಜನರಿಗೆ ಅದನ್ನೇ ಕಳಿಸಿದ್ದಾರೋ.

ಅನುಮತಿ ಕೊಟ್ಟ ಸ್ವಲ್ಪ ಹೊತ್ತಿಗೆ ಸ್ಕ್ರೀನ್ ತಾನಾಗಿ ಸರಿಯತೊಡಗಿತು. ಬ್ಯಾಂಕ್ ಆ್ಯಪ್ ತೆರೆಯಿತು. ನಾನು ಮುಟ್ಟಿಯೇ ಇರಲಿಲ್ಲ! ಪವರ್ ಬಟನ್ ಹಿಡಿದು ಫೋನ್ ಆರಿಸಿದೆ. ಮನೆಯವರ ಫೋನ್‌ನಿಂದ ಬ್ಯಾಂಕ್‌ಗೆ ಕರೆ ಮಾಡಿ ಖಾತೆ ತಡೆಹಿಡಿಸಿದೆ. ಅಷ್ಟರಲ್ಲಿ ಒಂದು ವರ್ಗಾವಣೆ ಆಗಿಹೋಗಿತ್ತು. ಫೋನನ್ನು ಪೂರ್ತಿ ರೀಸೆಟ್ ಮಾಡಿದೆ, ಪಾಸ್‌ವರ್ಡ್‌ಗಳನ್ನೆಲ್ಲ ಬೇರೆ ಕಡೆಯಿಂದ ಬದಲಾಯಿಸಿದೆ, ಪೊಲೀಸರಿಗೆ ದೂರು ಕೊಟ್ಟೆ. ದುಡ್ಡು ಇನ್ನೂ ಬಂದಿಲ್ಲ.

ಟೆಸ್ಟಿಂಗ್ ಕೆಲಸವೇ ಸುಳ್ಳು ಅಂತ ನಾನು ಹೇಳುತ್ತಿಲ್ಲ. ನಿಜವಾದ ಪರೀಕ್ಷೆಗೆ ಸಾಮಾನ್ಯವಾಗಿ ಪ್ಲೇ ಸ್ಟೋರ್‌ನ ಲಿಂಕ್‌ನಿಂದಲೇ ಸೇರುತ್ತೀರಿ, ಐಫೋನ್‌ ಆದರೆ ಆ್ಯಪಲ್‌ನದೇ ಟೆಸ್ಟಿಂಗ್ ಆ್ಯಪ್ ಆದ ಟೆಸ್ಟ್‌ಫ್ಲೈಟ್‌ನಿಂದ. ಕೆಲಸ ಮಾಡುವವರು ದುಡ್ಡು ಕಟ್ಟುವುದು ಎಲ್ಲಿಯೂ ಇಲ್ಲ. ಡಿಪಾಸಿಟ್, ವಿಮೆ, ಶುಲ್ಕ, ಯಾವ ಹೆಸರಲ್ಲಿ ಕೇಳಿದರೂ ಕೊಡಬೇಡಿ. ಫೋನ್ ತಡೆದರೆ ಅದರ ಮಾತು ಕೇಳಿ. ಅನುಮಾನ ಬಂದರೆ ಸುಮ್ನೆ ಒಂದು ಖಾಲಿ ಫೈಲ್ ಕಳಿಸಿ ನೋಡಿ. ನಾನು ರಾತ್ರಿ ಕೂತು ಬರೆದ 11 ವರದಿಗಳಲ್ಲಿ ಒಂದನ್ನೂ ಅವರು ತೆರೆದಿರಲಿಕ್ಕಿಲ್ಲ. ದುಡ್ಡಿನಷ್ಟೇ ಅದೂ ನೋಯುತ್ತದೆ.

ರೀಸೆಟ್ ಆದ ಮೇಲೆ ಮತ್ತೆ ಆ ಗುಂಪು ತೆರೆದಿದ್ದೆ. ಹೊಸಬರೊಬ್ಬರು ಕೇಳಿದ್ದರು: "ಡಿಪಾಸಿಟ್ ಯಾವಾಗ ವಾಪಸ್ ಬರುತ್ತದೆ?" ನಾನು ಉತ್ತರ ಟೈಪ್ ಮಾಡುತ್ತಿದ್ದಾಗಲೇ ನನ್ನನ್ನು ತೆಗೆದುಹಾಕಿದರು. ಆ ಹೊಸಬರು ಇದನ್ನು ಓದುತ್ತಿದ್ದರೆ: ಬರುವುದಿಲ್ಲ. ದಯವಿಟ್ಟು ವಿಮೆಯ ದುಡ್ಡು ಕಟ್ಟಬೇಡಿ, ಅವರು ಕಳಿಸುವ ಆ್ಯಪ್ ಹಾಕಿಕೊಳ್ಳಬೇಡಿ.