ಅಡುಗೆಯವರಿಗೆ ಜಾಗವಿಲ್ಲದ ಒಂದು ಒಳ್ಳೆಯ ತರಬೇತಿ

ಬಾಲಮಂದಿರಗಳಲ್ಲಿ ಬೆಳೆದು, ಹದಿನೆಂಟು ತುಂಬಿದ ಮೇಲೆ ಹೊರಬರುವ ಯುವಕ ಯುವತಿಯರಿಗೆ ವಸತಿ, ಓದು, ಕೆಲಸಗಳ ವಿಷಯದಲ್ಲಿ ಜೊತೆಯಾಗಿ ನಿಲ್ಲುವ ಸಣ್ಣ ಬಳಗವೊಂದನ್ನು ನಾವು ದಾವಣಗೆರೆಯಲ್ಲಿ ನಡೆಸುತ್ತಿದ್ದೇವೆ. ಆ ಬಳಗದ ಇಬ್ಬರು ಸಿಬ್ಬಂದಿ ಮತ್ತು ನಾಲ್ವರು ಸ್ವಯಂಸೇವಕರು ಕಳೆದ ವರ್ಷ ಧಾರವಾಡದಲ್ಲಿ ಮಕ್ಕಳ ರಕ್ಷಣೆಯ ಬಗ್ಗೆ ನಡೆದ ಮೂರು ದಿನಗಳ ತರಬೇತಿಯೊಂದಕ್ಕೆ ಹೋಗಿ ಬಂದೆವು. ಊಟ, ವಸತಿ ಸೇರಿ ತಲೆಗೆ 3,500 ರೂಪಾಯಿ ಶುಲ್ಕ. ನಡೆಸಿದ ಸಂಸ್ಥೆಗೆ ನನ್ನ ಆಕ್ಷೇಪಗಳನ್ನು ಪತ್ರದಲ್ಲಿ ತಿಳಿಸಿರುವುದರಿಂದ ಇಲ್ಲಿ ಅದರ ಹೆಸರು ಹಾಕುತ್ತಿಲ್ಲ. ಇಂಥ ತರಬೇತಿಗೆ ಹಣ ಕಟ್ಟುವ ಮೊದಲು ಏನನ್ನು ವಿಚಾರಿಸಿಕೊಳ್ಳಬೇಕು ಎಂಬುದು ಬೇರೆಯವರಿಗೆ ತಿಳಿಯಲಿ ಎಂದಷ್ಟೇ ಬರೆಯುತ್ತಿದ್ದೇನೆ.

ಮೊದಲ ದಿನದ ಮಧ್ಯಾಹ್ನವೊಂದೇ ಇಡೀ ಶುಲ್ಕಕ್ಕೆ ಸಮನಾಗಿತ್ತು. ತರಬೇತುದಾರರಲ್ಲಿ ಒಬ್ಬರು ಹದಿನಾರು ವರ್ಷದ ಹುಡುಗಿಯಾಗಿ ಕುರ್ಚಿಯ ಅಂಚಿನಲ್ಲಿ ಕುಳಿತು, ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, “ಅಕ್ಕಾ, ಒಂದು ವಿಷಯ ಹೇಳ್ತೀನಿ, ಆದ್ರೆ ಯಾರಿಗೂ ಹೇಳಲ್ಲ ಅಂತ ಆಣೆ ಮಾಡಿ” ಎಂದರು. ಎದುರಿಗೆ ಕುಳಿತಿದ್ದ ನಮ್ಮ ಬಳಗದ ಸ್ವಯಂಸೇವಕಿ ಒಂದು ಕ್ಷಣವೂ ತಡಮಾಡದೆ ಆಣೆ ಮಾಡಿಬಿಟ್ಟರು. ಆಟ ಅಲ್ಲಿಗೇ ನಿಂತಿತು. ನಡೆಸಿಕೊಳ್ಳಲಾಗದ ಮಾತನ್ನು ಆಕೆ ಆಗಲೇ ಕೊಟ್ಟಾಗಿತ್ತು. ಹದಿನೆಂಟು ತುಂಬದವರ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ಗೊತ್ತಾದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಹೇಳುತ್ತದೆ. ತಿಳಿಸದಿದ್ದರೆ 21ನೇ ಕಲಮಿನ ಪ್ರಕಾರ ಆರು ತಿಂಗಳವರೆಗೆ ಸೆರೆವಾಸ, ದಂಡ ಅಥವಾ ಎರಡನ್ನೂ ವಿಧಿಸಬಹುದು. ಈ ಕಲಮುಗಳನ್ನು ನಾವು ಹಿಂದೆಯೂ ಓದಿದ್ದೆವು. ಆದರೆ ಅಳುಮುಖದ ಹುಡುಗಿಯೊಬ್ಬಳು ಎದುರಿಗೆ ಕುಳಿತಾಗ ಓದಿದ್ದು ಎಷ್ಟು ಬೇಗ ಮರೆತುಹೋಗುತ್ತದೆ ಎಂಬುದು ಅಲ್ಲಿಯವರೆಗೆ ಗೊತ್ತಿರಲಿಲ್ಲ. ಆಣೆಯ ಬದಲು ಏನು ಹೇಳಬಹುದು ಎಂದು ಹುಡುಕಲು ನಮಗೆ ಮುಕ್ಕಾಲು ಗಂಟೆ ಬೇಕಾಯಿತು. ಕೊನೆಗೆ ಉಳಿದ ವಾಕ್ಯ ಇದು: “ನಿನಗೆ ತೊಂದರೆ ಆಗೋ ವಿಷಯ ಆದ್ರೆ ನಾನು ಒಬ್ಬರಿಗೆ ಹೇಳಲೇಬೇಕಾಗುತ್ತೆ, ಯಾರಿಗೆ, ಯಾವಾಗ ಅನ್ನೋದನ್ನ ಮೊದಲು ನಿನಗೇ ಹೇಳ್ತೀನಿ.” ನಮ್ಮ ಕಚೇರಿಯ ಗೋಡೆಯ ಮೇಲೆ ಈಗ ಅದನ್ನೇ ಬರೆದಿದ್ದೇವೆ.

ಎರಡನೆಯ ದಿನದ ವಿಷಯ ಆತ್ಮಹತ್ಯೆಯ ಯೋಚನೆ. ಬಾಯಿಬಿಟ್ಟು ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ನಮ್ಮಲ್ಲಿ ಬಹುಪಾಲು ಜನರಿಗಿತ್ತು. ಹಾಗಾಗುವುದಿಲ್ಲ, ನೇರವಾಗಿ ಮತ್ತು ಶಾಂತವಾಗಿ ಕೇಳುವುದೇ ಸರಿ ಎಂದು ವಿವರಿಸಿ, “ಸಾಯಬೇಕು ಅಂತ ಅನ್ನಿಸ್ತಿದೆಯಾ?” ಎಂಬ ಪ್ರಶ್ನೆಯನ್ನು ದನಿ ನಡುಗದೆ ಕೇಳುವವರೆಗೆ ಪ್ರತಿಯೊಬ್ಬರಿಂದಲೂ ಹೇಳಿಸಿದರು. 2022ರ ಅಕ್ಟೋಬರಿನಲ್ಲಿ ಆರಂಭವಾದ, ಮಾನಸಿಕ ಆರೋಗ್ಯಕ್ಕಾಗಿ ಇರುವ ಸರ್ಕಾರಿ ಟೆಲಿ ಮಾನಸ್ ಸಹಾಯವಾಣಿಗೆ, ಅಂದರೆ 14416ಕ್ಕೆ, ಅಲ್ಲಿಂದಲೇ ಕರೆ ಮಾಡಿಸಿ, ಕನ್ನಡವನ್ನು ಆಯ್ದುಕೊಳ್ಳುವುದು ಹೇಗೆ ಎಂದು ತೋರಿಸಿದ್ದು ನನಗೆ ಬಹಳ ಹಿಡಿಸಿತು. ಸಂಖ್ಯೆಯನ್ನು ಫಲಕದ ಮೇಲೆ ಬರೆದು ಮುಂದಕ್ಕೆ ಹೋಗುವ ತರಬೇತಿಗಳನ್ನೇ ಇದುವರೆಗೆ ಕಂಡಿದ್ದೆ.

ಮೂರನೆಯ ದಿನ ಬಿಗಿ ಸಡಿಲವಾಯಿತು. 2015ರ ಬಾಲನ್ಯಾಯ ಕಾಯ್ದೆ, ಮಕ್ಕಳ ಕಲ್ಯಾಣ ಸಮಿತಿ, ಸಿಕ್ಕ ಮಗುವನ್ನು 24 ಗಂಟೆಯೊಳಗೆ ಸಮಿತಿಯ ಮುಂದೆ ಹಾಜರುಪಡಿಸುವುದು, ಮಕ್ಕಳ ಸಹಾಯವಾಣಿ 1098 ಇವೆಲ್ಲವೂ ಪರದೆಯ ಮೇಲೆ ಸಾಲುಸಾಲಾಗಿ ಬಂದುಹೋದವು. ಹದಿನೆಂಟು ದಾಟಿದವರ ಬಗ್ಗೆ ಇದ್ದದ್ದು ಒಂದೇ ಪುಟ. ಸಂಸ್ಥೆಯಿಂದ ಹೊರಬಂದವರಿಗೆ ಇಪ್ಪತ್ತೊಂದರವರೆಗೆ ಅನುಪಾಲನೆಗೆ, ಅಂದರೆ ಹೊರಬಂದ ಮೇಲಿನ ಆಸರೆಗೆ, ಕಾಯ್ದೆಯಲ್ಲೇ ಅವಕಾಶವಿದೆ, ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಮಾರ್ಗಸೂಚಿಯಲ್ಲಿ ಅದಕ್ಕಾಗಿ ತಿಂಗಳಿಗೆ 4,000 ರೂಪಾಯಿಯ ನೆರವೂ ಇದೆ. ಆದರೆ ಅರ್ಜಿ ಹಿಡಿದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗುವ ಹುಡುಗನ ಜೊತೆಗೆ ನಾವು ಏನೇನು ಕಾಗದ ಇಟ್ಟುಕೊಂಡು ಹೋಗಬೇಕು ಎಂಬ ಮಾತೇ ಬರಲಿಲ್ಲ. ಹತ್ತೊಂಬತ್ತರ ಯುವತಿ ಇದೇ ಬಗೆಯ ಗುಟ್ಟನ್ನು ಹೇಳಿಕೊಂಡರೆ ಏನು ಮಾಡಬೇಕೆಂದು ನಾನು ಕೇಳಿದಾಗ, ಮೊದಲ ದಿನದ ಉತ್ತರವನ್ನೇ ಮತ್ತೆ ಕೊಟ್ಟರು. ಅದು ಸರಿಯಲ್ಲ. ಆಕೆ ವಯಸ್ಕಳು, ದೂರು ಕೊಡುವ ನಿರ್ಧಾರದಲ್ಲಿ ಆಕೆಯ ಮಾತೇ ಮುಖ್ಯ, ಮತ್ತು ಅಲ್ಲಿ ಬೇಕಾಗುವ ತಾಳ್ಮೆ ಬೇರೆ ಬಗೆಯದು. ನಮ್ಮ ನಿತ್ಯದ ಕೆಲಸವೇ ಈ ವಯಸ್ಸಿನವರ ಜೊತೆಗಾದ್ದರಿಂದ ಇದನ್ನು ಸಣ್ಣ ಲೋಪವೆಂದು ಬಿಡಲು ಮನಸ್ಸಾಗುತ್ತಿಲ್ಲ.

ನನ್ನ ದೊಡ್ಡ ತಕರಾರು ಮಾತ್ರ ಪಾಠದ ಬಗ್ಗೆ ಅಲ್ಲ, ಪಾಠಕ್ಕೆ ಬಂದವರ ಬಗ್ಗೆ. ಇಪ್ಪತ್ತಾರು ಮಂದಿಯಲ್ಲಿ ಅಧೀಕ್ಷಕರಿದ್ದರು, ಆಪ್ತಸಮಾಲೋಚಕರಿದ್ದರು, ಸಮಾಜಕಾರ್ಯ ಓದಿದ ಸ್ವಯಂಸೇವಕರಿದ್ದರು. ಒಬ್ಬ ಅಡುಗೆಯವರಾಗಲಿ, ರಾತ್ರಿ ಕಾವಲುಗಾರರಾಗಲಿ ಇರಲಿಲ್ಲ. ನಮ್ಮ ವಸತಿಯಲ್ಲಿ ಮಕ್ಕಳು ಆಪ್ತಸಮಾಲೋಚಕರ ಕೋಣೆಗೆ ಹೋಗುವುದು ಕರೆದಾಗ; ಈರುಳ್ಳಿ ಸಿಪ್ಪೆ ಬಿಡಿಸಲು ಅಡುಗೆಮನೆಗೆ ಹೋಗುವುದು ತಾವಾಗಿಯೇ. ಎರಡು ವರ್ಷದ ಹಿಂದೆ ಒಬ್ಬ ಹುಡುಗ ಊಟ ಬಿಟ್ಟಿದ್ದಾನೆಂದು ಎಲ್ಲರಿಗಿಂತ ಮೊದಲು ಗಮನಿಸಿದ್ದು ನಮ್ಮ ಅಡುಗೆಯ ಅಮ್ಮನೇ. ಅದನ್ನು ಯಾರಿಗೆ ಹೇಳಬೇಕೆಂದು ತಿಳಿಯದೆ ಅವರು ನಾಲ್ಕು ದಿನ ತಮ್ಮಲ್ಲೇ ಇಟ್ಟುಕೊಂಡಿದ್ದರು. ತಪ್ಪು ಅವರದಲ್ಲ, ಹೇಳಿಕೊಡದ ನಮ್ಮದು. ಮೂರು ದಿನ ಊರು ಬಿಟ್ಟು ಹೋದರೆ ಅಡುಗೆ ಯಾರು ಮಾಡಬೇಕು ಎಂಬ ಕಾರಣಕ್ಕೇ ಇಂಥವರು ಯಾವ ತರಬೇತಿಯ ಪಟ್ಟಿಗೂ ಸೇರುವುದಿಲ್ಲ. ಸೇರಿದರೂ, ಕೊಟ್ಟ ಕೈಪಿಡಿಯ ಅರ್ಧದಷ್ಟು ಇಂಗ್ಲಿಷಿನಲ್ಲಿತ್ತು. ಉಳಿದ ಕನ್ನಡ ಸುತ್ತೋಲೆಯ ಕನ್ನಡ.

ಹೊಸದಾಗಿ ಸೇರುವ ಸಿಬ್ಬಂದಿಗೆ ಮೊದಲೆರಡು ದಿನಗಳ ಸಲುವಾಗಿ ಈ ತರಬೇತಿಯನ್ನು ಧೈರ್ಯವಾಗಿ ಸೂಚಿಸುತ್ತೇನೆ. ಹದಿನೆಂಟು ದಾಟಿದವರ ಜೊತೆ ಕೆಲಸ ಮಾಡುವವರು ಮೂರನೆಯ ದಿನ ಏನಿದೆ ಎಂದು ಮೊದಲೇ ಬರೆಸಿಕೊಳ್ಳುವುದು ಒಳ್ಳೆಯದು. ಆಣೆಯ ಪಾಠವೊಂದನ್ನೇ ನಮ್ಮ ವಸತಿಗೆ ಬಂದು, ಮಧ್ಯಾಹ್ನದ ಪಾತ್ರೆ ತೊಳೆದಾದ ಮೇಲೆ ಎರಡು ಗಂಟೆ ಕಾಲ ನಡೆಸಿಕೊಡಲು ಆಗುತ್ತದೆಯೇ ಎಂದು ಸಂಸ್ಥೆಯವರನ್ನು ಕೇಳಿದ್ದೇನೆ. ಕನಿಷ್ಠ ಹದಿನೈದು ಮಂದಿ ಇರಬೇಕೆಂದು ಉತ್ತರ ಬಂದಿದೆ. ಅಕ್ಕಪಕ್ಕದ ಹಾಸ್ಟೆಲುಗಳ ಅಡುಗೆಯವರು ಮತ್ತು ಕಾವಲುಗಾರರನ್ನು ಸೇರಿಸಿ ನಿನ್ನೆಗೆ ಹನ್ನೊಂದು ಹೆಸರು ಆಗಿವೆ.